ಕರ್ಣನಿಗಾಗಿ ರಾತ್ರಿಯಿಡೀ ಎಚ್ಚರ ಇದ್ದ ಹುಡುಗ, ನನ್ನ ಕನ್ನಡ ಕ್ಲಾಸಿನಲ್ಲಿ ನಿದ್ದೆ ಮಾಡಿದ. ಎಂತ ಮಾಡುವುದು?

ಹಳೆಚೀಲ, ಕಾರ್ಕಳ ಕಡೆ

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಈ ವರ್ಷ ಹತ್ತನೇ ಕ್ಲಾಸಿನಲ್ಲಿ 41 ಮಕ್ಕಳು. ಮನೆಯಲ್ಲಿ ಕನ್ನಡ ಮಾತಾಡುವವರು ಆರೇಳು ಜನ ಅಷ್ಟೆ. ಉಳಿದವರದ್ದು ತುಳು, ಕೊಂಕಣಿ, ಬ್ಯಾರಿ. ಕಲ್ಲುಕೋರೆ ಕೆಲಸಕ್ಕೆ ಬಂದವರ ಮಕ್ಕಳು ಇಬ್ಬರಿದ್ದಾರೆ, ಅವರ ಮನೆಯಲ್ಲಿ ಹಿಂದಿ.

ಮೊನ್ನೆ ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ಶುರು ಮಾಡಿದೆ. ನಮ್ಮ ಕ್ರಮ ಗೊತ್ತುಂಟಲ್ಲ. ಪದ್ಯ ಓದುವುದು, ಪದ ಬಿಡಿಸುವುದು, ಅರ್ಥ ಬೋರ್ಡಿನ ಮೇಲೆ ಬರೆಯುವುದು, ಅದನ್ನು ಮಕ್ಕಳು ಪುಸ್ತಕಕ್ಕೆ ಇಳಿಸುವುದು. ಮೂರನೇ ಪದ್ಯಕ್ಕೆ ಬರುವಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಗಡದ್ದಾಗಿ ನಿದ್ದೆ. ಎಬ್ಬಿಸಿ ಬೈದೆ.

ಪಕ್ಕದವನು ಹೇಳಿದ, "ಅವ ನಿನ್ನೆ ಆಟಕ್ಕೆ ಹೋಗಿದ್ದ ಟೀಚರ್. ಬೆಳಗಿನವರೆಗೆ ಇದ್ದ." ಆಟ ಅಂದರೆ ನಮ್ಮ ಕಡೆ ಯಕ್ಷಗಾನ. ಯಾವ ಪ್ರಸಂಗ ಅಂತ ಕೇಳಿದೆ. ಕರ್ಣಪರ್ವ ಅಂತೆ.

ಮತ್ತೆ ಬೈಯಲಿಕ್ಕೆ ಬಾಯಿ ಬರಲಿಲ್ಲ. ಬಯಲಲ್ಲಿ ಕೂತು ಕರ್ಣನಿಗಾಗಿ ಇಡೀ ರಾತ್ರಿ ಕಣ್ಣು ಬಿಟ್ಟವನಿಗೆ, ನನ್ನ ಕರ್ಣನ ಎದುರು ಕಣ್ಣು ಮುಚ್ಚಿ ಹೋಯಿತು. ತಪ್ಪು ಅವನ ನಿದ್ದೆಯದ್ದೋ ನನ್ನ ಪಾಠದ್ದೋ?

ಪೋರ್ಷನ್ ಮುಗಿಸಬೇಕು, ರಿಸಲ್ಟ್ ಬರಬೇಕು, ಅದೆಲ್ಲ ಇದ್ದದ್ದೇ. ಅದರ ನಡುವೆ ನೀವು ಹೇಗೆ ಕಲಿಸುತ್ತೀರಿ, ಹೇಳಿ. ದೊಡ್ಡ ಮಾತು ಬೇಡ. ನಾಳೆ ಬೆಳಗ್ಗೆ ಕ್ಲಾಸಿನಲ್ಲಿ ಮಾಡಲಿಕ್ಕೆ ಆಗುವಂಥದ್ದು ಬೇಕು.

ಚೆಂಡೆಪೆಟ್ಟು, ಉಡುಪಿ

ಟೀಚರ್, ನಾನು ಬ್ಯಾಂಕಿನವನು. ರಜೆಯಲ್ಲಿ ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಅರ್ಥ (ಪಾತ್ರದ ಮಾತು) ಹೇಳುವ ಹುಚ್ಚು ಉಂಟು. ಒಂದೇ ಮಾತು ಹೇಳುತ್ತೇನೆ. ಪದ್ಯವನ್ನು ದಯವಿಟ್ಟು ಓದಬೇಡಿ.

ಭಾಮಿನಿ ಷಟ್ಪದಿ ಓದಲಿಕ್ಕೆ ಹುಟ್ಟಿದ್ದಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಕೈ ತಟ್ಟಿಸಿ. ಆ ಪಾಠದಲ್ಲೇ ಒಂದು ಸಾಲು ಉಂಟಲ್ಲ:

ಕೊರಳ | ಸೆರೆಹಿ | ಗ್ಗಿದವು | ದೃಗುಜಲ

'ಸೆರೆಹಿಗ್' ಅಂತ ಒತ್ತಿ ಹೇಳಿದರೆ ನಾಲ್ಕು ಮಾತ್ರೆ ತಾನಾಗಿ ಕಿವಿಗೆ ಬೀಳುತ್ತದೆ. ಒತ್ತಕ್ಷರದ ಹಿಂದಿನದ್ದು ಗುರು ಅನ್ನುವ ನಿಯಮವನ್ನು ಆಮೇಲೆ ಹೇಳಿ. ಮೊದಲು ಕೈಗೆ ಗೊತ್ತಾಗಲಿ. ಇಡೀ ಪದ್ಯಕ್ಕೆ 102 ಮಾತ್ರೆ. ನಾಲ್ಕು ಸಾಲಿಗೆ ಹದಿನಾಲ್ಕು ಹದಿನಾಲ್ಕು, ಮೂರನೇ ಮತ್ತು ಆರನೇ ಸಾಲಿಗೆ ಇಪ್ಪತ್ಮೂರು. ಮಕ್ಕಳೇ ಕೂಡಿಸಿ ಹೇಳಲಿ.

(ಆಟದಲ್ಲಿ ಭಾಗವತರು ಭಾಮಿನಿಯನ್ನು ತಾಳ ಇಲ್ಲದೆ, ರಾಗ ಎಳೆದು ಹಾಡುವುದೇ ಹೆಚ್ಚು. ಅದು ಬೇರೆ ವಿಷಯ. ಕ್ಲಾಸಿನಲ್ಲಿ ಕೈ ತಟ್ಟಿದರೆ ಯಾವ ಭಾಗವತರೂ ಬೈಯುವುದಿಲ್ಲ.)

ಇನ್ನು ಆ ಸಾಲಿನ ಒಳಗೆ ಎಂತ ಉಂಟು ನೋಡಿ. ನೀನು ಕುಂತಿಯ ಮಗ ಅಂತ ಕೃಷ್ಣ ಆಗಷ್ಟೇ ಹೇಳಿದ್ದಾನೆ. ಹುಟ್ಟಿದಂದಿನಿಂದ ಸೂತಪುತ್ರ ಅಂತ ಬೈಸಿಕೊಂಡವನು ಕರ್ಣ. ಅವನಿಗೆ ಸಂತೋಷ ಆಗಬೇಕಿತ್ತು, ಅಲ್ವಾ? ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಅವನ ಬಾಯಲ್ಲಿ ಅಲ್ಲ, ಮನಸ್ಸಿನಲ್ಲಿ ಬರುವ ಮೊದಲ ಮಾತು "ಕುರುಪತಿಗೆ ಕೇಡಾದುದು." ತನ್ನ ಬಗ್ಗೆ ಅಲ್ಲ, ಅಮ್ಮನ ಬಗ್ಗೆ ಅಲ್ಲ. ದುರ್ಯೋಧನನ ಕಥೆ ಮುಗಿಯಿತಲ್ಲ ಅಂತ.

ಇದನ್ನು 'ಕರ್ಣನ ಸ್ವಾಮಿನಿಷ್ಠೆ' ಅಂತ ಬೋರ್ಡಿನಲ್ಲಿ ಬರೆದರೆ ಮುಗಿಯಿತು, ಸತ್ತುಹೋಯಿತು. ಬದಲಿಗೆ ಕೇಳಿ: ಇಷ್ಟು ದೊಡ್ಡ ಸುದ್ದಿ ಬಂದಾಗ ಇವನಿಗೆ ಮೊದಲು ನೆನಪಾದದ್ದು ಯಾರು? ಯಾಕೆ? ಅಷ್ಟು ಕೇಳಿ ಸುಮ್ನೆ ಕೂತುಕೊಳ್ಳಿ.

ಪಿಯುಸಿ ಬೆಂಚು, ಮೂಡುಬಿದಿರೆ

ನಾನು ಈಗ ಸೆಕೆಂಡ್ ಪಿಯುಸಿ, ಸೈನ್ಸ್. ಸತ್ಯ ಹೇಳ್ತೇನೆ. ಹತ್ತನೇ ಕ್ಲಾಸಿನಲ್ಲಿ ನನಗೆ ಕನ್ನಡದಲ್ಲಿ ಇಷ್ಟ ಇದ್ದದ್ದು ಪ್ರಸ್ತಾರ (ಗುರು ಲಘು ಗುರುತಿಸಿ ಗಣ ಹಾಕುವುದು) ಮಾತ್ರ. ಯಾಕೆಂದರೆ ಅದು ಲೆಕ್ಕದ ಹಾಗೆ. ಸರಿ ಮಾಡಿದರೆ ಪೂರ್ತಿ ಮಾರ್ಕ್ಸ್. ಪದ್ಯದ ಅರ್ಥ ನನಗೆ ಇವತ್ತಿಗೂ ಗೊತ್ತಿಲ್ಲ, ಗಣ ಮಾತ್ರ ನಿದ್ದೆಯಲ್ಲೂ ಹಾಕುತ್ತೇನೆ.

ಮೇಲೆ ಅವರು ಬರೆದದ್ದು ಓದಿದ ಮೇಲೆ ಆ ಪದ್ಯ ಹುಡುಕಿ ಓದಿದೆ. ಯಾರೂ ನಮಗೆ ಹೀಗೆ ಹೇಳಿರಲಿಲ್ಲ.

ಬಂದರು ರಸ್ತೆ, ಮಂಗಳೂರು

ಎಲ್ಲ ಸರಿ. ಆದರೆ ಇಲ್ಲಿ ಪ್ರತಿ ಸಲ ಹೀಗೇ ಆಗುತ್ತದೆ. 'ನಮ್ಮ ಮಕ್ಕಳಿಗೆ ಯಕ್ಷಗಾನ ರಕ್ತದಲ್ಲೇ ಉಂಟು' ಅಂತ ಶುರು. ನಮ್ಮ ಮನೆಯಲ್ಲಿ ಬ್ಯಾರಿ. ನಾನು ಮೊದಲ ಆಟ ನೋಡಿದ್ದು ಡಿಗ್ರಿ ಮುಗಿದ ಮೇಲೆ. ಸ್ಕೂಲಿನಲ್ಲಿ ಸರ್ "ಆಟದಲ್ಲಿ ನೋಡಿದ್ದೀರಲ್ಲ, ಹಾಗೆಯೇ" ಅಂತ ಅರ್ಧ ಪಾಠ ಹಾರಿಸುತ್ತಿದ್ದರು. ನಾನು, ಪಕ್ಕದ ಕ್ರಿಶ್ಚಿಯನ್ ಹುಡುಗ, ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿರುತ್ತಿದ್ದೆವು. ಆಟ ನೋಡದ ಮಗುವಿಗೆ ಎಂತ ಬಾಗಿಲು ಉಂಟು, ಅದನ್ನೂ ಹೇಳಿ.

ಹಳೆಚೀಲ

ಬಂದರು ರಸ್ತೆಯವರೇ, ಒಪ್ಪಿದೆ. ಆ ತಪ್ಪು ನಾನೂ ಮಾಡಿದ್ದೇನೆ.

ನನ್ನ ಹತ್ತಿರ ಒಂದು ಬಾಗಿಲು ಉಂಟು, ಚಿಕ್ಕದು. ಹಳೆಗನ್ನಡದ 'ಪ' ಹೊಸಗನ್ನಡದಲ್ಲಿ 'ಹ' ಆಗುತ್ತದೆ ಅಂತ ಎಲ್ಲರೂ ಕಲಿಸುತ್ತೇವೆ. ನಾನು ಅದನ್ನು ತಿರುಗಿಸಿ ಕೇಳುತ್ತೇನೆ. ಬೋರ್ಡಿನ ಮೇಲೆ 'ಪೊಸ' ಅಂತ ಬರೆದು, ಇದು ಯಾರ ಮನೆಯಲ್ಲಿ ಉಂಟು ಅಂತ. ತುಳುವಿನವರು ಎಲ್ಲ ಕೈ ಎತ್ತುತ್ತಾರೆ. 'ಪೂ', 'ಪಕ್ಕಿ', 'ಪನಿ' ಬರೆದರೂ ಅವರದ್ದೇ ಕೈ. 'ಪುಲಿ' ಬರೆದರೆ "ಪಿಲಿ ಟೀಚರ್, ಪಿಲಿ" ಅಂತ ಬೊಬ್ಬೆ. ದಸರಾ ಹತ್ತಿರ ಇದ್ದರೆ ಇಬ್ಬರು ಎದ್ದು ಹುಲಿವೇಷದ ಹೆಜ್ಜೆಯನ್ನೂ ಹಾಕುತ್ತಾರೆ. 'ಪಾಲ್' ಬರೆದಾಗ ತುಳುವಿನವರು ಸೋಲುತ್ತಾರೆ, ಅವರದ್ದು 'ಪೇರ್'. ಆಗ ಬ್ಯಾರಿ ಮಕ್ಕಳ ಕೈ ಮೇಲೆ ಬರುತ್ತದೆ. ಮಂಜೇಶ್ವರ ಕಡೆಯಿಂದ ಬಂದ ಮಲೆಯಾಳದ ಹುಡುಗಿ ಒಬ್ಬಳು ಇದ್ದಳು, ಅವಳಿಗಂತೂ ಹಬ್ಬ.

ಅಂದರೆ ಪಂಪನ ಬಾಯಲ್ಲಿ ಇದ್ದ ಶಬ್ದ ಇವರ ಅಡುಗೆಮನೆಯಲ್ಲಿ ಉಂಟು, ನಮ್ಮ ಪೇಟೆ ಕನ್ನಡದಲ್ಲಿ ಇಲ್ಲ. ಇದು ಗೊತ್ತಾದ ದಿನ ಮಕ್ಕಳ ಮುಖ ನೋಡಬೇಕು. ಕನ್ನಡದ ಕ್ಲಾಸಿನಲ್ಲಿ ತುಳು ಮಾತಾಡಿದರೆ ದಂಡ ಹಾಕುವ ಶಾಲೆಗಳನ್ನೂ ನೋಡಿದ್ದೇನೆ. ಅಲ್ಲಿ ಇದನ್ನು ಹೇಗೆ ಹೇಳುವುದೋ!

ಕೊಂಕಣಿ ಮಕ್ಕಳು ಮಾತ್ರ "ನಮಗೆ ಎಂತ ಇಲ್ವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಅವರಿಗೆ ಪಂಜೆ ಮಂಗೇಶರಾಯರ ಮನೆಮಾತು, ಗೋವಿಂದ ಪೈಗಳ ಮನೆಮಾತು ಯಾವುದು ಅಂತ ಕೇಳುತ್ತೇನೆ. ಎರಡೂ ಕೊಂಕಣಿಯೇ. 1949ರಲ್ಲಿ ರಾಷ್ಟ್ರಕವಿ ಆದವರು ಮನೆಯಲ್ಲಿ ನಿಮ್ಮ ಹಾಗೆಯೇ ಮಾತಾಡುತ್ತಿದ್ದರು ಅಂದರೆ ಸಮಾಧಾನ.

ಬಲ್ಮಠದ ಇಳಿಜಾರು, ಮಂಗಳೂರು

ಟೀಚರ್, ನಿಮ್ಮ ಆಟಕ್ಕೆ ಒಂದು ಪುಸ್ತಕ ಜೊತೆ ಮಾಡಿ. ಕಿಟೆಲ್ ನಿಘಂಟು. 1894ರಲ್ಲಿ ಇಲ್ಲೇ, ನಮ್ಮ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಸುಮಾರು 70,000 ಶಬ್ದ. ಅದರಲ್ಲಿ ಕನ್ನಡ ಶಬ್ದದ ಜೊತೆಗೆ ತುಳು, ತಮಿಳು, ಮಲೆಯಾಳ, ತೆಲುಗಿನ ಸಂಬಂಧಿ ಶಬ್ದ ಎಲ್ಲಿ ಇದೆಯೋ ಅಲ್ಲಿ ಕೊಟ್ಟಿದ್ದಾರೆ. ಮಕ್ಕಳು ಬೋರ್ಡಿನಲ್ಲಿ ಊಹೆ ಮಾಡಿದ್ದು ಸರಿಯಾ ಅಂತ ಅಲ್ಲೇ ತೆರೆದು ನೋಡಬಹುದು. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಮೊಬೈಲಿನಲ್ಲಿ ಹುಡುಕುವ ಮಕ್ಕಳಿಗೆ ಆ ದಪ್ಪ ಪುಸ್ತಕ ಕೈಗೆ ಕೊಟ್ಟರೆ ಮೊದಲು ತೂಕ ನೋಡುತ್ತಾರೆ, ಆಮೇಲೆ ಬೈಗುಳ ಹುಡುಕುತ್ತಾರೆ. ಹುಡುಕಲಿ. ಹುಡುಕುವುದು ಕಲಿತಾಯಿತಲ್ಲ.

ಮೂಡುಬಿದಿರೆಯ ಹುಡುಗನಿಗೆ ಒಂದು ಮಾತು. ನಿಮ್ಮ ಊರಿನ ರತ್ನಾಕರವರ್ಣಿ ಗೊತ್ತಾ? 16ನೇ ಶತಮಾನದವನು. 'ಭರತೇಶ ವೈಭವ' ಶುರು ಮಾಡುವಾಗಲೇ ಹೇಳುತ್ತಾನೆ, ನನ್ನ ಕಾವ್ಯ ಕೇಳಿ ಕನ್ನಡಿಗರು 'ಅಯ್ಯಯ್ಯ ಚೆನ್ನಾದುದು' ಅನ್ನಬೇಕು, ತೆಲುಗರು 'ಮಂಚಿದಿ' ಅನ್ನಬೇಕು, ತುಳುವರು 'ಎಂಚ ಪೊರ್ಲಾಂಡ್' ಅನ್ನಬೇಕು ಅಂತ. ಕನ್ನಡದ ಹಳೇ ಕಾವ್ಯದ ನಡುವೆ ಅಪ್ಪಟ ತುಳು! ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಕೇಳುವ ಮಾತು.

ಗೇರುಗುಡ್ಡೆ, ಸುರತ್ಕಲ್

ಕ್ಷಮಿಸಿ, ನಾನು ರಸ ಕೆಡಿಸುತ್ತೇನೆ. ನನ್ನ ಮಗಳು ಇಂಗ್ಲಿಷ್ ಮೀಡಿಯಂ. ಅವಳಿಗೆ ಕನ್ನಡದಲ್ಲಿ ಒಂದು ರಜೆ ಅರ್ಜಿ ಬರೆಯಲಿಕ್ಕೆ ಬರುವುದಿಲ್ಲ. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. ಅಂಥವಳಿಗೆ ಸಾವಿರ ವರ್ಷ ಹಿಂದಿನ ಪಂಪ ಯಾಕೆ ಮಾರಾಯ್ರೆ? ಅವಳಿಗೆ ಆಗುವುದು ಒಂದೇ, ಕನ್ನಡ ಅಂದರೆ ಹೆದರಿಕೆ. ಗೈಡ್ ತಂದು ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆ ಮರುದಿನ ಮರೆಯುತ್ತಾಳೆ. ಮೊದಲು ಇವತ್ತಿನ ಕನ್ನಡ ಸರಿ ಮಾಡಿ. ಆಮೇಲೆ ನಿಮ್ಮ ಷಟ್ಪದಿ.

ಕೋಡಿ ಗಾಳಿ, ಕುಂದಾಪುರ

ನಾನು ರಿಟೈರ್ಡ್ ಮೇಷ್ಟ್ರು. ಗೇರುಗುಡ್ಡೆಯವರ ಸಿಟ್ಟು ನ್ಯಾಯವಾದದ್ದು. ನೀರಿಳಿಯದ ಗಂಟಲಿಗೆ ಕಡುಬು ತುರುಕಬಾರದು.

ಈ ಮಾತು ನನ್ನದಲ್ಲ ಮತ್ತೆ. ಮನೋರಮೆಯದ್ದು. ಅವಳ ಗಂಡ ಮುದ್ದಣ ದೊಡ್ಡ ದೊಡ್ಡ ಸಂಸ್ಕೃತ ಶಬ್ದ ಹಾಕಿ ಕಥೆ ಶುರು ಮಾಡಿದಾಗ, ಅವಳು ತಡೆದು ನಿಲ್ಲಿಸಿ ಹೀಗೆ ಹೇಳುತ್ತಾಳೆ. ಅಂದರೆ ನಿಮ್ಮ ಮಗಳ ದೂರು ನೂರು ವರ್ಷಕ್ಕಿಂತ ಹಿಂದೆಯೇ ಪುಸ್ತಕದ ಒಳಗೆ ಬಂದು ಕೂತಿದೆ! ನಾನು ಎಂಟನೇ ಕ್ಲಾಸಿನಿಂದಲೇ ಮಕ್ಕಳಿಗೆ ಹಳೆಗನ್ನಡದ ರುಚಿ ತೋರಿಸುತ್ತಿದ್ದದ್ದು ಇವನಿಂದ. ಪಠ್ಯದಲ್ಲಿ ಇರಲಿ ಬಿಡಲಿ. ಪಂಪನಿಂದ ಶುರು ಮಾಡುವುದು ಅಂದರೆ ಈಜು ಕಲಿಸಲಿಕ್ಕೆ ಮಗುವನ್ನು ಆಟಿಯ (ಜೋರು ಮಳೆಗಾಲದ) ಕಡಲಿಗೆ ದೂಡಿದ ಹಾಗೆ. ಮುದ್ದಣ ಅಂದರೆ ಊರ ಕೆರೆ.

ಹೇಗೆ ಹೇಳುತ್ತಿದ್ದೆ ಅಂದರೆ, ಮೊದಲು ಪುಸ್ತಕ ತೆರೆಯುತ್ತಿರಲಿಲ್ಲ. "ನಂದಳಿಕೆಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪ ಅಂತ ಒಬ್ಬ ಹುಟ್ಟಿದ. ದೊಡ್ಡವನಾಗಿ ಏನಾದ ಹೇಳಿ?" ಮಕ್ಕಳು ಪಂಡಿತ, ಪುರೋಹಿತ, ಕವಿ ಅನ್ನುತ್ತಿದ್ದರು. ಅಲ್ಲ, ಡ್ರಿಲ್ ಮೇಷ್ಟ್ರು! ಉಡುಪಿಯಲ್ಲಿ, ನಮ್ಮ ಕುಂದಾಪುರದಲ್ಲಿ ಮಕ್ಕಳಿಗೆ ಕಸರತ್ತು ಕಲಿಸುತ್ತಿದ್ದ. ಅಷ್ಟು ಹೇಳಿದರೆ ಎಲ್ಲರ ಕಣ್ಣು ಕಿಟಕಿಯಾಚೆ ಪಿ.ಟಿ. ಸರ್ ಕಡೆ ಹೋಗುತ್ತಿತ್ತು.

ಆಮೇಲೆ ಎರಡನೇ ಗುಟ್ಟು. ಇವನು ಕಾವ್ಯ ಬರೆದು, ತಾನು ಬರೆದದ್ದು ಅಂತ ಹೇಳಲೇ ಇಲ್ಲ. ಹಳೇ ಪ್ರತಿ ಸಿಕ್ಕಿತು ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಯಾಕೆ ಹಾಗೆ ಮಾಡಿರಬಹುದು? ಈ ಒಂದು ಪ್ರಶ್ನೆಗೆ ಒಂದು ಪೀರಿಯಡ್ ಸಾಲುತ್ತಿರಲಿಲ್ಲ. ಒಬ್ಬ ಹುಡುಗಿ ಹೇಳಿದಳು, "ಡ್ರಿಲ್ ಮೇಷ್ಟ್ರು ಬರೆದದ್ದು ಅಂದರೆ ಯಾರೂ ಓದುವುದಿಲ್ಲ ಅಂತ ಸರ್." ಮೂವತ್ತು ವರ್ಷ ಪಾಠ ಮಾಡಿದ್ದರಲ್ಲಿ ಅಷ್ಟು ಚೊಕ್ಕ ಉತ್ತರ ನನಗೂ ಹೊಳೆದಿರಲಿಲ್ಲ. 1901ರಲ್ಲಿ ಕ್ಷಯದಿಂದ ತೀರಿಕೊಂಡ. 31 ವರ್ಷ.

ಮೂರನೆಯದಾಗಿ 'ಶ್ರೀರಾಮಾಶ್ವಮೇಧಂ' ಶುರುವಿನ ಸಲ್ಲಾಪ. ಹೊರಗೆ ಮಳೆ. ಗಂಡ ಮನೆಗೆ ಬರುತ್ತಾನೆ. ಹೆಂಡತಿ ಉಪಚಾರ ಮಾಡಿ, ಮಳೆಗಾಲದ ಬೇಸರ ಕಳೆಯಲಿಕ್ಕೆ ಒಂದು ಕಥೆ ಹೇಳು ಅನ್ನುತ್ತಾಳೆ. ಪದ್ಯದಲ್ಲಿ ಹೇಳಲಾ ಗದ್ಯದಲ್ಲಿ ಹೇಳಲಾ ಅಂತ ಅವನು. "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ" ಅಂತ ಅವಳು. ಜೂನ್ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಬೀಳುವಾಗ, ಒಬ್ಬ ಮುದ್ದಣ, ಒಬ್ಬಳು ಮನೋರಮೆ ಎದ್ದು ನಿಂತು ಓದಬೇಕು. ಅರ್ಥ ಹೇಳುವ ಕೆಲಸವೇ ಇಲ್ಲ. ನಗು ಬಂದರೆ ಅರ್ಥ ಆಯಿತು ಅಂತ ಲೆಕ್ಕ.

ರಜೆ ಅರ್ಜಿ ಬರೆಯಲಿಕ್ಕೆ ಕಲಿಸಲೇಬೇಕು, ಗೇರುಗುಡ್ಡೆಯವರೇ. ಆದರೆ ಬರೇ ರಜೆ ಅರ್ಜಿಗಾಗಿ ಯಾವ ಮಗುವೂ ಒಂದು ಭಾಷೆಯನ್ನು ಇಷ್ಟಪಟ್ಟದ್ದು ನಾನು ನೋಡಿಲ್ಲ.

ಗೇರುಗುಡ್ಡೆ

ಕಡುಬಿನ ಮಾತು ಮಗಳಿಗೆ ಓದಿ ಹೇಳಿದೆ. ನಕ್ಕಳು. ಅಷ್ಟು ಒಪ್ಪಿಕೊಳ್ಳುತ್ತೇನೆ. ಪಂಪನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಲ್ಲುಬರಹ, ಬಾರ್ಕೂರು ಹತ್ತಿರ

ಇಲ್ಲಿ ಎಲ್ಲ ಕನ್ನಡದವರೇ ಮಾತಾಡುತ್ತಿದ್ದೀರಿ. ನಾನು ಸಮಾಜ ವಿಜ್ಞಾನದವನು, ನನ್ನದೂ ಸ್ವಲ್ಪ ಕೇಳಿ. ಇತಿಹಾಸದ ಕ್ಲಾಸಿನಲ್ಲಿ ನಿದ್ದೆ ಬರುವುದಕ್ಕೆ ಯಕ್ಷಗಾನ ಬೇಕಾಗಿಯೂ ಇಲ್ಲ.

ಹತ್ತನೇ ಕ್ಲಾಸಿನಲ್ಲಿ ಅಮರಸುಳ್ಯ ದಂಗೆ ಬರುತ್ತದೆ. ಪುಸ್ತಕದಲ್ಲಿ ಸ್ವಲ್ಪವೇ ಉಂಟು. ಅದನ್ನು ಓದಿ ಮುಂದೆ ಹೋಗುವುದು ಸುಲಭ. ನಾನು ಮಕ್ಕಳ ಕೈಯಲ್ಲಿ ನಕ್ಷೆ ಹಾಕಿಸುತ್ತೇನೆ. ಸುಳ್ಯ, ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ, ಮಂಗಳೂರು. ಇವತ್ತು ಬಸ್ಸಿಗೆ 80 ಕಿಲೋಮೀಟರ್ ಮೇಲೆ. ಅದನ್ನು ರೈತರು ನಡೆದು ಬಂದರು. ಯಾಕೆ ಬಂದರು? ಮೊದಲು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಕಂಪನಿಯವರು ನಗದು ಕೊಡಿ ಅಂದರು. ಭತ್ತ ಇರುವವನ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ಅಡಿಕೆ ಬೆಳೆಯುವವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1837ರ ಏಪ್ರಿಲ್ 5ರಂದು ಮಂಗಳೂರಿನಲ್ಲಿ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿ. ಬಾವುಟಗುಡ್ಡೆ ಅನ್ನುವ ಹೆಸರು ಅಲ್ಲಿಂದ ಬಂತು. ಪಾಠ ಆದ ಮೇಲೆ ಒಬ್ಬ ಕೇಳಿದ, "ಸರ್, ಲೈಟ್‌ಹೌಸ್ ಹಿಲ್ ಅಂದರೆ ಅದೇನಾ? ನಾವು ಅಲ್ಲಿ ಐಸ್‌ಕ್ರೀಮ್ ತಿಂದಿದ್ದೇವೆ." ಹೌದು ಮಗ, ಅದೇ. ಈಗ ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ಉಂಟು, 2022ರಿಂದ.

ಕಾರ್ಕಳ ಟೀಚರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಗೊಮ್ಮಟನ ಶಾಸನದಲ್ಲಿ ಶಕ ವರ್ಷ 1353 ಅಂತ ಉಂಟು. ಶಕಕ್ಕೆ 78 ಕೂಡಿಸಬೇಕು ಅಂತ ಮಕ್ಕಳಿಗೆ ಗೊತ್ತು. ಕೂಡಿಸಿದರೆ 1431. ಆದರೆ ಎಲ್ಲ ಪುಸ್ತಕದಲ್ಲಿ 1432! ಪುಸ್ತಕ ತಪ್ಪಾ, ಲೆಕ್ಕ ತಪ್ಪಾ, ಕಲ್ಲು ತಪ್ಪಾ? ಎರಡು ದಿನ ಉತ್ತರ ಹೇಳಬೇಡಿ. ಮನೆಯಲ್ಲಿ ಅಜ್ಜಿಯ ಪಂಚಾಂಗ ನೋಡಿದವರು ಯಾರಾದರೂ ಹಿಡಿಯುತ್ತಾರೆ. ಪ್ರತಿಷ್ಠೆ ಆದದ್ದು ಫಾಲ್ಗುಣದಲ್ಲಿ, ಅಂದರೆ ಫೆಬ್ರವರಿ. ಇಂಗ್ಲಿಷ್ ವರ್ಷ ಜನವರಿಗೆ ಬದಲಾಗಿ ಆಗಿತ್ತು, ಶಕ ವರ್ಷ ಬದಲಾಗಲಿಕ್ಕೆ ಯುಗಾದಿ ಬರಬೇಕು. ನಮ್ಮ ಶಾಲೆಯಲ್ಲಿ ಹಿಡಿದವಳು ಅರ್ಚಕರ ಮಗಳು. ನಾನಂತೂ ಬಿ.ಎಡ್. ಮುಗಿಸುವವರೆಗೂ ಇದನ್ನು ಯೋಚಿಸಿರಲಿಲ್ಲ.

ಬಂದರು ರಸ್ತೆ

ಅಬ್ಬಕ್ಕನ ವಿಷಯ ಹೇಗೆ ಕಲಿಸುತ್ತೀರಿ? ನಾವು ಉಳ್ಳಾಲದವರು. ಮನೆಮನೆಗೆ ಒಂದು ಕಥೆ.

ಕಲ್ಲುಬರಹ

ಅದು ಕಷ್ಟದ ಪ್ರಶ್ನೆ, ಒಳ್ಳೇ ಪ್ರಶ್ನೆ. ಕಥೆ ಮೊದಲು ಪೂರ್ತಿ ಹೇಳಲು ಬಿಡುತ್ತೇನೆ. ಬೆಂಕಿಯ ಬಾಣ, ದೋಣಿ, ಎಲ್ಲ. ಆಮೇಲೆ ಎರಡು ವಿಷಯ ಬೋರ್ಡಿನಲ್ಲಿ ಬರೆಯುತ್ತೇನೆ. ಕಥೆಯ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ್ದು 16ನೇ ಶತಮಾನದ ಮಧ್ಯದಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದದ್ದು 1623ರಲ್ಲಿ. ಒಬ್ಬಳೇನಾ? ಮಕ್ಕಳು ವಯಸ್ಸು ಲೆಕ್ಕ ಹಾಕಿ ತಲೆ ಅಲ್ಲಾಡಿಸುತ್ತಾರೆ. ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇದ್ದರು ಅಂತ ಇತಿಹಾಸಕಾರರು ಹೇಳುವುದು ಅದಕ್ಕೇ ಅಂತ ಆಗ ಹೇಳಬಹುದು. ಆ ಇಟಲಿಯವನು ಕಂಡ ರಾಣಿ ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ಕಾಲುವೆ ಕೆಲಸ ನೋಡಲಿಕ್ಕೆ ನಡೆದು ಹೋಗುತ್ತಿದ್ದಳು. ನನಗಂತೂ ಬೆಂಕಿ ಬಾಣಕ್ಕಿಂತ ಆ ಬರಿಗಾಲು ಜಾಸ್ತಿ ಇಷ್ಟ. ಮಕ್ಕಳಿಗೆ ಬಾಣವೇ ಇಷ್ಟ, ಇರಲಿ.

ಚೆಂಡೆಪೆಟ್ಟು

ನಾನು ಹೊತ್ತಿಸಿದ ದೀಪಕ್ಕೆ ನಾನೇ ಸ್ವಲ್ಪ ನೀರು ಹಾಕುತ್ತೇನೆ. ನನ್ನ ಅಣ್ಣನ ಮಗ ಪರೀಕ್ಷೆಯಲ್ಲಿ ಕರ್ಣನ ಬಗ್ಗೆ ಎರಡು ಪುಟ ಬರೆದ. ಅರ್ಧಕ್ಕರ್ಧ ನಾನು ತಾಳಮದ್ದಳೆಯಲ್ಲಿ ಹೇಳಿದ ವಾದ. ಪದ್ಯದಲ್ಲಿ ಎಲ್ಲೂ ಇಲ್ಲದ್ದು. ಮಾರ್ಕ್ಸ್ ಹೋಯಿತು. ಅತ್ತಿಗೆ ನನ್ನ ಹತ್ತಿರ ವಾರ ಮಾತಾಡಲಿಲ್ಲ.

ಅರ್ಥಧಾರಿಗೆ ಕವಿ ಬಿಟ್ಟ ಜಾಗದಲ್ಲಿ ಮಾತಾಡುವ ಹಕ್ಕು ಉಂಟು. ಪರೀಕ್ಷೆ ಬರೆಯುವವನಿಗೆ ಇಲ್ಲ. ಮಗು ಏನೇ ಹೇಳಲಿ, "ಅದು ಯಾವ ಸಾಲಿನಲ್ಲಿ ಉಂಟು, ಬೆರಳಿಟ್ಟು ತೋರಿಸು" ಅಂತ ಕೇಳಿ. ತೋರಿಸಿದರೆ ಕುಮಾರವ್ಯಾಸ, ತೋರಿಸದಿದ್ದರೆ ಚಿಕ್ಕಪ್ಪ.

ಹಳೆಚೀಲ

ಹತ್ತು ದಿನ ಆಯಿತು. ವರದಿ ಒಪ್ಪಿಸುತ್ತೇನೆ.

ಕೈ ತಟ್ಟಿಸಿದೆ. ಪಕ್ಕದ ಕ್ಲಾಸಿನ ಗಣಿತ ಟೀಚರ್ ಬಂದು ಬಾಗಿಲಲ್ಲಿ ನಿಂತರು, ಏನು ಗಲಾಟೆ ಅಂತ. ಮಾತ್ರೆ ಲೆಕ್ಕ ಅಂದೆ. ನಿಂತು ಅವರೂ ಒಂದು ಸಾಲು ಎಣಿಸಿ ಹೋದರು. ನಿದ್ದೆ ಮಾಡಿದ ಹುಡುಗನನ್ನು ಹಾಡಲಿಕ್ಕೆ ಕರೆದೆ. ಮೊದಲು ನಾಚಿದ. ಆಮೇಲೆ ಎಳೆದ ನೋಡಿ ರಾಗ, ಭಾಗವತರ ಹಾಗೆಯೇ, ಕಿವಿಗೆ ಕೈ ಇಟ್ಟು! 'ದೃಗುಜಲ' ಅಂದರೆ ಏನು ಅಂತ ಕೇಳಿದರೆ "ಕಣ್ಣೀರು ಟೀಚರ್, ಕೇಳುವಾಗಲೇ ಗೊತ್ತಾಗುತ್ತದೆ" ಅಂದ.

ಕರ್ಣನಿಗೆ ಮೊದಲು ದುರ್ಯೋಧನ ಯಾಕೆ ನೆನಪಾದ ಅಂತ ಕೇಳಿ, ಹೇಳಿದ ಹಾಗೆ ಸುಮ್ನೆ ಕೂತೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿ ಮನೆಯ ಹುಡುಗಿ, ವರ್ಷದಲ್ಲಿ ನಾಲ್ಕು ಮಾತು ಆಡಿದವಳಲ್ಲ, ಎದ್ದು ನಿಂತಳು. "ಊಟ ಕೊಟ್ಟದ್ದು ಅವನು, ಟೀಚರ್." ಕುಳಿತಳು. ನಾನು ಬೋರ್ಡಿನ ಮೇಲೆ ಅದನ್ನೇ ಬರೆದೆ. ಸ್ವಾಮಿನಿಷ್ಠೆ ಅನ್ನುವುದನ್ನು ಬ್ರಾಕೆಟಿನಲ್ಲಿ ಹಾಕಿದೆ, ಪರೀಕ್ಷೆಗೆ ಬೇಕಲ್ಲ.

ಬೆರಳಿಟ್ಟು ತೋರಿಸು ಅನ್ನುವ ನಿಯಮವೂ ನಡೆಯುತ್ತಿದೆ. ಈಗ ಮಕ್ಕಳು ನನಗೇ ಕೇಳುತ್ತಾರೆ, "ನೀವು ಹೇಳಿದ್ದು ಯಾವ ಸಾಲಿನಲ್ಲಿ ಉಂಟು ಟೀಚರ್?" ಎರಡು ಸಲ ಸಿಕ್ಕಿಬಿದ್ದೆ.

ಪೋರ್ಷನ್ ಎರಡು ಪಾಠ ಹಿಂದೆ ಬಿದ್ದಿದೆ. ಮೇಲಿನವರು ಕೇಳಿಯಾಯಿತು. ಶನಿವಾರ ಮಧ್ಯಾಹ್ನ ಕ್ಲಾಸ್ ತೆಗೆದುಕೊಳ್ಳುತ್ತೇನೆ ಅಂತ ಬರೆದುಕೊಟ್ಟಿದ್ದೇನೆ. ಗೊಮ್ಮಟನ ಬೆಟ್ಟಕ್ಕೆ ಹೋಗುವುದು ಜನವರಿಗೆ, 1353ರ ಲೆಕ್ಕ ಬೋರ್ಡಿನ ಮೂಲೆಯಲ್ಲಿ ಹಾಗೆಯೇ ಬಿಟ್ಟಿದ್ದೇನೆ. ಯಾರೂ ಒರೆಸಿಲ್ಲ, ಯಾರೂ ಬಿಡಿಸಿಯೂ ಇಲ್ಲ.

ಮುಂದಿನ ವಾರ ಲಕ್ಷ್ಮೀಶನ 'ವೀರಲವ'. ಅದು ವಾರ್ಧಕ ಷಟ್ಪದಿ. ಅದಕ್ಕೆ ಮೂರು ನಾಲ್ಕು ತಟ್ಟಿದರೆ ಆಗುವುದಿಲ್ಲ, ಅಲ್ವಾ?

ಚೆಂಡೆಪೆಟ್ಟು

ಆಗುವುದಿಲ್ಲ. ವಾರ್ಧಕಕ್ಕೆ ಐದೈದು. ಚಪ್ಪಾಳೆ ಬೇಡ ಟೀಚರ್, ಬೆರಳು ಮಡಚಿಸಿ. ಒಂದು ಗಣಕ್ಕೆ ಒಂದು ಮುಷ್ಟಿ. ಗಣಿತ ಟೀಚರೂ ಬರುವುದಿಲ್ಲ.